ಲೇಖಕರು ಗೆಳೆಯರಿಗೆ ಬರೆದುಕೊಟ್ಟ ಮೊದಲ ಮುದ್ರಣದ ಪ್ರತಿಗಳನ್ನು ಸಂಗ್ರಹಿಸುವುದು ಹೇಗೆ?

ಮಂಗಳೂರಿನ ಗುಜರಿ ಅಂಗಡಿಯೊಂದರಲ್ಲಿ ಹಳೆಯ ಕನ್ನಡ ಕಾದಂಬರಿ ಸಿಕ್ಕಿದೆ, ಮೊದಲ ಹಾಳೆಯಲ್ಲಿ ಲೇಖಕರು ಯಾರೋ ‘ಮಿತ್ರ’ರಿಗೆ ಎರಡು ಸಾಲು ಬರೆದು ಸಹಿ ಹಾಕಿದ್ದಾರೆ, ಅದು ಅಸಲಿಯೇ, ಇಂಥವನ್ನು ಸಂಗ್ರಹಿಸಲು ಎಲ್ಲಿಂದ ತೊಡಗಬೇಕು ಎಂದು ಕೇಳಿದ್ದೀರಿ. ನಾನು ಉಡುಪಿಯವನು. ಇಂಥ ಪ್ರತಿಗಳನ್ನು ಬಹಳ ಕಾಲದಿಂದ ಹುಡುಕಿ ಕೂಡಿಡುತ್ತಿದ್ದೇನೆ.

ಮೊದಲು ಸಹಿಯನ್ನು ಬಿಡಿ, ಆ ಮಿತ್ರರು ಯಾರೆಂದು ಹುಡುಕಿ. ಬಿಡುಗಡೆಯ ದಿನ ಸಾಲಿನಲ್ಲಿ ನಿಂತವರಿಗೆಲ್ಲ ಹಾಕಿಕೊಟ್ಟ ಸಹಿಯ ತೂಕವೇ ಬೇರೆ. ಕರಡು ತಿದ್ದಿದವರಿಗೆ, ಅಚ್ಚಿನ ಖರ್ಚಿಗೆ ಕೈಗಡ ಕೊಟ್ಟವರಿಗೆ, ಹಸ್ತಪ್ರತಿಯನ್ನು ಮೊದಲು ಓದಿ ಜಗಳವಾಡಿದವರಿಗೆ ಬರೆದುಕೊಟ್ಟ ಸಾಲಿನ ತೂಕವೇ ಬೇರೆ. ನನ್ನಲ್ಲಿ ಒಂದು ಕವನ ಸಂಕಲನವಿದೆ. ಕವಿ ಅದನ್ನು ತಮ್ಮ ಊರಿನ ಶಾಲಾ ಮೇಷ್ಟರೊಬ್ಬರಿಗೆ ಕೊಟ್ಟಿದ್ದಾರೆ. ಮೇಷ್ಟರು ಅದನ್ನು ಕಪಾಟಿನಲ್ಲಿಟ್ಟು ಪೂಜಿಸಲಿಲ್ಲ. ಪೆನ್ಸಿಲ್ ಹಿಡಿದು ಓದಿದ್ದಾರೆ. ಪ್ರಾಸ ಎಡವಿದಲ್ಲಿ ಗೆರೆ, ಒಂದೆರಡು ಕಡೆ ಅಂಚಿನಲ್ಲಿ ಬದಲಿ ಪದ. ಎರಡನೆಯ ಮುದ್ರಣವನ್ನು ತರಿಸಿ ಪಕ್ಕದಲ್ಲಿಟ್ಟು ನೋಡಿದೆ. ಕವಿ ಆ ತಿದ್ದುಪಡಿಗಳಲ್ಲಿ ಕೆಲವನ್ನು ಒಪ್ಪಿಕೊಂಡಿದ್ದರು, ಕೆಲವನ್ನು ಬಿಟ್ಟಿದ್ದರು. ಒಂದು ಕವಿತೆ ಹೇಗೆ ರೂಪ ಪಡೆಯಿತೆಂಬುದು ಆ ಒಂದು ಪ್ರತಿಯಲ್ಲಿ ಮಾತ್ರ ಉಳಿದಿದೆ. ಇದಕ್ಕಾಗಿಯೇ ನಾನು ಸಂಗ್ರಹಿಸುವುದು. ಆದ್ದರಿಂದ ಅಂಚಿನ ಗೀಟುಗಳನ್ನು ರಬ್ಬರಿನಿಂದ ಒರೆಸಬೇಡಿ, ದಯವಿಟ್ಟು.

ಹಾಗೆಯೇ, ಗುಜರಿಯವರನ್ನು ಆ ಮೂಟೆ ಯಾವ ಮನೆಯಿಂದ ಬಂತೆಂದು ಕೇಳಿ. ನಮ್ಮ ಕಡೆ ಹಂಚಿನ ಮನೆ ಕೆಡವುವಾಗ ಅಟ್ಟದ ಪುಸ್ತಕಗಳೆಲ್ಲ ಒಟ್ಟಿಗೆ ಹೊರಬೀಳುತ್ತವೆ. ಒಬ್ಬ ಲೇಖಕರು ಪುಸ್ತಕ ಕೊಟ್ಟ ಮನೆಗೆ ಇನ್ನಿಬ್ಬರು ಲೇಖಕರೂ ಕೊಟ್ಟಿರುವ ಸಂಭವ ಹೆಚ್ಚು. ಉಳಿದವು ಕಾಗದದ ಕಾರ್ಖಾನೆಗೆ ಹೋಗುವ ಮೊದಲು ಕೇಳಬೇಕು.

ಹೆಸರು ಹುಡುಕಲು ನನಗೆ ಅತಿ ಹೆಚ್ಚು ನೆರವಾದವು ಅಭಿನಂದನ ಗ್ರಂಥಗಳು ಮತ್ತು ಸಂಸ್ಮರಣ ಸಂಪುಟಗಳು. ಯಾರೂ ಕೊಳ್ಳದ ಈ ದಪ್ಪ ಪುಸ್ತಕಗಳಲ್ಲಿ ಗೆಳೆಯರ ಲೇಖನಗಳಿರುತ್ತವೆ, ಹಳೆಯ ಪತ್ರಗಳ ಪಡಿಯಚ್ಚು ಇರುತ್ತದೆ. ಕೈಬರಹವನ್ನು ಹೋಲಿಸಲು ಅದೇ ಸಾಕು. ಸಹಿಯೊಂದನ್ನೇ ನೋಡಬೇಡಿ, ಸಹಿ ಕಲಿತು ಹಾಕಬಹುದು. ಒತ್ತಕ್ಷರವನ್ನು ಹೇಗೆ ಇಳಿಸುತ್ತಾರೆ, ದೀರ್ಘವನ್ನು ಎಲ್ಲಿ ಎಳೆಯುತ್ತಾರೆ ಎಂದು ಪೂರ್ತಿ ಸಾಲಿನಲ್ಲಿ ನೋಡಿ. ಶಿವರಾಮ ಕಾರಂತರಂಥವರ ಪುಸ್ತಕವಾದರೆ ಅವರ ಆತ್ಮಕಥನ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಓದಿ, ಒಡನಾಡಿಗಳ ಪರಿಚಯ ಅಲ್ಲೇ ಆಗುತ್ತದೆ. ಉಡುಪಿಗೆ ಬರುವುದಾದರೆ ಕುಂಜಿಬೆಟ್ಟಿನ ಎಂ.ಜಿ.ಎಂ. ಕಾಲೇಜಿನಲ್ಲಿರುವ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರಕ್ಕೆ ಹೋಗಿ. ಮಂಜೇಶ್ವರದ ಪೈಗಳ ಸ್ವಂತ ಗ್ರಂಥಸಂಗ್ರಹ ಅಲ್ಲಿದೆ. ಒಬ್ಬ ವಿದ್ವಾಂಸರ ಪುಸ್ತಕಗಳು ಚದುರದೆ ಒಂದೇ ಕಡೆ ಉಳಿದರೆ ಎಷ್ಟು ಲಾಭವೆಂದು ಅಲ್ಲಿ ತಿಳಿಯುತ್ತದೆ.

ಮೊದಲ ಮುದ್ರಣ ಹೌದೋ ಅಲ್ಲವೋ ಎಂಬುದು ಸಾಮಾನ್ಯವಾಗಿ ಶೀರ್ಷಿಕೆ ಪುಟದ ಹಿಂಬದಿಯಲ್ಲೇ ಇರುತ್ತದೆ. ‘ಪ್ರಥಮಾವೃತ್ತಿ’ ಎಂದೋ, ಮುದ್ರಣಗಳ ಇಸವಿಗಳ ಸಾಲೋ ಕಾಣುತ್ತದೆ. ಆ ಹಾಳೆ ಹೋಗಿದ್ದರೆ ಬೆಲೆ ನೋಡಿ. ನಯಾಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಬೆಲೆ ಆಣೆಯಲ್ಲಿದ್ದರೆ ಬಹುಮಟ್ಟಿಗೆ ಅದಕ್ಕಿಂತ ಹಿಂದಿನದು. ಕೊನೆಯಲ್ಲಿರುವ ‘ನಮ್ಮ ಇತರ ಪ್ರಕಟಣೆಗಳು’ ಪಟ್ಟಿಯನ್ನೂ ಓದಿ. ಅದರಲ್ಲಿ ನಂತರದ ವರ್ಷದ ಪುಸ್ತಕವಿದ್ದರೆ ಇದು ಮರುಮುದ್ರಣ. ಬರೆದುಕೊಟ್ಟ ತಾರೀಕು ಸಂವತ್ಸರದಲ್ಲಿದ್ದರೆ ಎಚ್ಚರ, ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ: ಶ್ರೀಮುಖ 1933ರ ಯುಗಾದಿಗೂ ಬಂತು, 1993ರ ಯುಗಾದಿಗೂ ಬಂತು.

ಹೆಸರಿನಲ್ಲಿ ಅಕ್ಷರ ತಪ್ಪಿದ್ದ ಮಾತ್ರಕ್ಕೆ ನಕಲಿಯೆಂದು ತೀರ್ಮಾನಿಸಬೇಡಿ. 1925ರಲ್ಲಿ ಅಮೆರಿಕದ ಕಾದಂಬರಿಕಾರ ಫಿಟ್ಜ್‌ಜೆರಾಲ್ಡ್ ತನ್ನ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯನ್ನು ಕವಿ ಟಿ.ಎಸ್. ಎಲಿಯಟ್‌ಗೆ ಬರೆದು ಕಳುಹಿಸಿದಾಗ ಎಲಿಯಟ್ ಹೆಸರನ್ನೇ ತಪ್ಪಾಗಿ ಬರೆದಿದ್ದ. ಎಲಿಯಟ್ ಅದನ್ನು ಮೂರು ಸಲ ಓದಿದೆನೆಂದು ಉತ್ತರ ಬರೆದ.

ಇನ್ನು ಕಾಪಾಡುವ ವಿಷಯ. ಕರಾವಳಿಯಲ್ಲಿ ಮಳೆಗಾಲ, ಬೂಷ್ಟು, ಒರಲೆ ಇದ್ದದ್ದೇ. ಆದರೆ ನಾನು ಹೆಚ್ಚು ಹೆದರುವುದು ಬೈಂಡಿಂಗಿಗೆ. ಹಳೆಯ ಪುಸ್ತಕ ಕೊಟ್ಟರೆ ಬೈಂಡರು ಮೊದಲ ಬರಿಹಾಳೆಯನ್ನು ಕಿತ್ತು ಹೊಸ ಕಾಗದ ಅಂಟಿಸುತ್ತಾರೆ. ಲೇಖಕರ ಅಕ್ಷರವಿರುವುದು ಆ ಹಾಳೆಯಲ್ಲೇ! ಅಂಚು ಸಮ ಮಾಡುವ ಕತ್ತರಿಗೆ ಪೆನ್ಸಿಲ್ ಟಿಪ್ಪಣಿಗಳೂ ಹೋಗುತ್ತವೆ. ಹೊಲಿಗೆ ಬಿಟ್ಟಿದ್ದರೆ ಹಾಗೆಯೇ ಹತ್ತಿಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವ ಕಪಾಟಿನಲ್ಲಿ, ಗೋಡೆಗೆ ತಾಗದಂತೆ ಇಡಿ. ಪ್ಲಾಸ್ಟಿಕ್ ಹೊದಿಕೆ ಬೇಡ, ತೇವ ಒಳಗೇ ಉಳಿಯುತ್ತದೆ. ಹರಿದಲ್ಲಿ ಅಂಟುಟೇಪು ಹಾಕಲೇಬೇಡಿ. ಶಾಯಿಪೆನ್ನಿನ ಬರಹಕ್ಕೆ ನೀರಿನ ಹನಿಯೂ ತಾಗಬಾರದು.

ಎಷ್ಟೋ ಪುಸ್ತಕಗಳಲ್ಲಿ ಮೊದಲ ಹಾಳೆ ಮೊದಲೇ ಹರಿದಿರುತ್ತದೆ. ಅಪ್ಪನ ಹೆಸರು ಗುಜರಿಯಲ್ಲಿ ಕಾಣಬಾರದೆಂದು ಮನೆಯವರೇ ಹರಿದು ಕೊಡುತ್ತಾರೆ. ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ಆದ್ದರಿಂದ ನಿಮ್ಮ ಪ್ರತಿಯ ಮಿತ್ರರು ಯಾರೆಂದು ತಿಳಿದರೆ ಅವರ ಮಕ್ಕಳನ್ನೋ ಮೊಮ್ಮಕ್ಕಳನ್ನೋ ಹುಡುಕಿ ತಿಳಿಸಿ. ಪುಸ್ತಕ ಬೇಕೆಂದರೆ ಆ ಹಾಳೆಯ ಒಳ್ಳೆಯ ಚಿತ್ರ ತೆಗೆದಿಟ್ಟುಕೊಂಡು, ಕೊಂಡ ಬೆಲೆಗೇ ಕೊಟ್ಟುಬಿಡಿ. ಬೇಡವೆಂದರೆ ಲೇಖಕರಿಗೂ ಅವರ ಹಿರಿಯರಿಗೂ ಇದ್ದ ಒಡನಾಟದ ಬಗ್ಗೆ ನೆನಪಿದ್ದಷ್ಟು ಹೇಳಿಸಿಕೊಂಡು, ಬೇರೆ ಚೀಟಿಯಲ್ಲಿ ತಾರೀಕು ಸಹಿತ ಬರೆದು ಪುಸ್ತಕದ ಜೊತೆಗಿಡಿ. ನಾನು ಹೀಗೆ ಕೇಳಲು ಹೋದ ಒಂದು ಮನೆಯವರು ಒಳಗಿನಿಂದ ಲೇಖಕರ ಪತ್ರಗಳ ಕಟ್ಟನ್ನೇ ತಂದು ತೋರಿಸಿದ್ದರು. ಅವು ಈಗಲೂ ಆ ಮನೆಯಲ್ಲೇ ಇವೆ.