ನಸುಕಿನ ಬಿಲ್‌ಗೆ ನಿನ್ನೆಯ ತಾರೀಖು ಯಾಕೆ ಬರುತ್ತದೆ

ಬ್ಯಾಡಗಿಯ ನಿಮ್ಮ ಮೆಣಸಿನಕಾಯಿ ಅಂಗಡಿಯ ಪೈಥಾನ್ ಸ್ಕ್ರಿಪ್ಟ್ ನಸುಕಿನ 4 ಗಂಟೆಯ ಬಿಲ್‌ಗೆ ಹಿಂದಿನ ದಿನದ ತಾರೀಖು ಹಾಕುತ್ತದೆ, ಮಧ್ಯಾಹ್ನದ್ದಕ್ಕೆ ಮಾತ್ರ ಸರಿಯಾಗಿ ಹಾಕುತ್ತದೆ ಅಂದಿರಿ ಅಲ್ವಾ? ಸರ್ವರ್ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ ಓಡುತ್ತಿದೆ, ಅಷ್ಟೇ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮಗೆ ನಸುಕಿನ 4 ಆದಾಗ ಅದಕ್ಕಿನ್ನೂ ಹಿಂದಿನ ರಾತ್ರಿ 10:30.

ದಯವಿಟ್ಟು ಕೈಯಾರೆ ಆ ಐದೂವರೆ ಗಂಟೆಯ 19,800 ಸೆಕೆಂಡ್ ಕೂಡಿಸಲು ಹೋಗಬೇಡಿ. ಹುಬ್ಬಳ್ಳಿಯ ಒಂದು ಲಾರಿ ಆಫೀಸಿಗೆ ನಾನು ಹಾಗೇ ಮಾಡಿಕೊಟ್ಟಿದ್ದೆ, ಆಮೇಲೆ ಯಾರೋ ಸರ್ವರ್‌ನ ಟೈಮ್‌ಝೋನನ್ನು ಭಾರತಕ್ಕೆ ಬದಲಿಸಿದರು, ಲಾರಿಗಳೆಲ್ಲ ಐದೂವರೆ ಗಂಟೆ ತಡವಾಗಿ ಹೊರಟಂತೆ ದಾಖಲಾಗಿ ಡ್ರೈವರ್‌ಗಳು ಸುಮ್ನೆ ಬೈಸಿಕೊಂಡರು. ಅದು ನನಗೆ ಇನ್ನೂ ಬೇಜಾರು.

ಪೈಥಾನ್ 3.9ರಿಂದ ಸಮಯ ವಲಯಗಳನ್ನು ನೋಡಿಕೊಳ್ಳುವ ಝೋನ್‌ಇನ್ಫೋ ಜೊತೆಯಲ್ಲೇ ಬರುತ್ತದೆ. ಡೇಟ್‌ಟೈಮ್‌ನ ನೌ ಅನ್ನುವ, ಈಗಿನ ಸಮಯ ಕೊಡುವ ಫಂಕ್ಷನ್ ಕರೆಯುವಾಗ ಅದಕ್ಕೆ ಏಷ್ಯಾ/ಕೋಲ್ಕತಾ ಅನ್ನುವ ವಲಯ ಕೊಡಿ, ಸರ್ವರ್ ಎಲ್ಲೇ ಇರಲಿ ನಮ್ಮ ಸಮಯವೇ ಸಿಗುತ್ತದೆ. ವಿಂಡೋಸ್ ಆದರೆ ವಲಯಗಳ ಮಾಹಿತಿ ಇರುವ ಟಿಝಡ್‌ಡೇಟಾ ಪ್ಯಾಕೇಜ್ ಕೂಡ ಹಾಕಿಕೊಳ್ಳಿ. ಯುಟಿಸಿ ಸಮಯ ಕೊಡುವ ಯುಟಿಸಿನೌ ಬಳಸಿದ್ದರೆ ತೆಗೆದುಬಿಡಿ, 3.12ರಿಂದ ಅದನ್ನು ಬಳಸಬೇಡಿ ಅಂತ ಪೈಥಾನೇ ಎಚ್ಚರಿಸುತ್ತದೆ.

ಡೇಟಾಬೇಸ್‌ನಲ್ಲಿ ಮಾತ್ರ ಟೈಮ್ ಡಾಟ್ ಟೈಮ್ ಕೊಡುವ ಸಂಖ್ಯೆಯನ್ನೇ ಇಡಿ. ಅದು 1970ರ ಜನವರಿ 1ರ ಯುಟಿಸಿ ಮಧ್ಯರಾತ್ರಿಯಿಂದ ಎಣಿಸಿದ ಸೆಕೆಂಡು, ಯಾವ ಊರಿನಲ್ಲಿ ಕೇಳಿದರೂ ಒಂದೇ. ಬಿಲ್ ಪ್ರಿಂಟ್ ಮಾಡುವಾಗ ನಮ್ಮ ಸಮಯಕ್ಕೆ ತಿರುಗಿಸಿದರೆ ಸಾಕು. ಹಳೆಯ ಬಿಲ್‌ಗಳಲ್ಲಿ ನಸುಕಿನ 5:30ರ ಒಳಗಿನವುಗಳ ತಾರೀಖು ಮಾತ್ರ ತಪ್ಪಿರುತ್ತದೆ, ಗಂಟೆ ಎಲ್ಲದರಲ್ಲೂ ತಪ್ಪಿರುತ್ತದೆ, ನೋಡಿಕೊಳ್ಳಿ.