ಸೆಲೆನಿಯಂ ಮಾತ್ರೆ: ಗಂಡನಿಗೆ ಬೇಕಾ, ಗರ್ಭಿಣಿಗೆ ಬೇಕಾ?

ನೀವು ಒಂದೇ ಉಸಿರಿಗೆ ಎರಡು ಪ್ರಶ್ನೆ ಕೇಳಿದ್ದೀರಿ. ನಿಮ್ಮ ಯಜಮಾನರ ವೀರ್ಯ ಪರೀಕ್ಷೆಯಲ್ಲಿ ಚಲನೆ ಕಡಿಮೆ ಅಂತ ಬಂದಿದೆ, ಯಾರೋ ಸಲಹೆ ಕೊಟ್ಟ ಹಾಗೆ 200 ಮೈಕ್ರೋಗ್ರಾಂ ಸೆಲೆನಿಯಂ (ದೇಹಕ್ಕೆ ಅತಿ ಸ್ವಲ್ಪವೇ ಬೇಕಾಗುವ ಒಂದು ಖನಿಜ) ಮಾತ್ರೆ ತಗೊಂಡರೆ ಸರಿಹೋಗುತ್ತಾ? ಅದೇ ಮಾತ್ರೆ ನೀವೂ ತಗೊಂಡು, ಗರ್ಭ ನಿಂತ ಮೇಲೂ ಮುಂದುವರಿಸಬಹುದಾ? ನಾನು ಡಾಕ್ಟರ್ ಅಲ್ಲ. ವೀರ್ಯ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂರುವವಳು. ಹಾಗಾಗಿ ಗಂಡಸರ ವಿಷಯ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ.

ವೀರ್ಯಾಣು ಅಂದರೆ ತಲೆ ಮತ್ತು ಬಾಲ ಅಂತಷ್ಟೇ ಎಲ್ಲರೂ ಅಂದುಕೊಂಡಿರುತ್ತಾರೆ. ಅವೆರಡರ ನಡುವೆ ಒಂದು ಗಿಡ್ಡ ಭಾಗ ಇದೆ. ಬಾಲ ಆಡಿಸಲು ಬೇಕಾದ ಶಕ್ತಿ ಕೊಡುವ ಮೈಟೋಕಾಂಡ್ರಿಯಾಗಳು ಅಲ್ಲಿ ಸುರುಳಿಯಾಗಿ ಸುತ್ತಿಕೊಂಡಿರುತ್ತವೆ. ಸೆಲೆನಿಯಂ ಇರುವುದು ಮುಖ್ಯವಾಗಿ ಅಲ್ಲೇ, ಜಿಪಿಎಕ್ಸ್4 ಅನ್ನುವ ಪ್ರೋಟೀನಿನೊಳಗೆ. ವೀರ್ಯಾಣು ಇನ್ನೂ ರೂಪುಗೊಳ್ಳುತ್ತಿರುವಾಗ ಈ ಪ್ರೋಟೀನ್ ಒಂದು ಕಿಣ್ವ. ಜೀವಕೋಶದ ಕೊಬ್ಬಿನ ಪದರ ಕೆಡದಂತೆ ಕಾಯುತ್ತದೆ. ವೀರ್ಯಾಣು ಬಲಿತ ಮೇಲೆ ಅದರ ಕಾವಲು ಕೆಲಸ ಮುಗಿಯುತ್ತದೆ. ಆಮೇಲೆ ಅದೇ ಪ್ರೋಟೀನ್ ಒಂದಕ್ಕೊಂದು ಅಂಟಿ, ಗಟ್ಟಿಯಾಗಿ, ಆ ಸುರುಳಿಯ ಸುತ್ತ ಗೋಡೆಯಾಗಿ ನಿಲ್ಲುತ್ತದೆ. ಮನೆ ಕಟ್ಟುವಾಗ ಕಾವಲಿಗಿದ್ದವನೇ ಕೊನೆಗೆ ಇಟ್ಟಿಗೆಯಾದ ಹಾಗೆ! ಇದು ಗೊತ್ತಾಗಿದ್ದು 1999ರಲ್ಲಿ. ಈಗಲೂ ನೆನೆದರೆ ನನಗೆ ಆಶ್ಚರ್ಯವೇ.

ಸೆಲೆನಿಯಂ ತೀರಾ ಕಡಿಮೆಯಿರುವ ಆಹಾರ ಕೊಟ್ಟ ಇಲಿಗಳಲ್ಲಿ ವೀರ್ಯಾಣು ಇದೇ ನಡುಭಾಗದಲ್ಲಿ ಮುರಿಯುತ್ತದೆ. ತಲೆ ಒಂದು ಕಡೆ, ಬಾಲ ಇನ್ನೊಂದು ಕಡೆ. ಹಾಗಂತ ಸ್ಲೈಡಿನಲ್ಲಿ ಕತ್ತು ಬಾಗಿದ ವೀರ್ಯಾಣು ಕಂಡ ತಕ್ಷಣ ಸೆಲೆನಿಯಂ ಕೊರತೆ ಅನ್ನುವ ಹಾಗಿಲ್ಲ, ಬೇರೆ ಕಾರಣಗಳು ಬೇಕಾದಷ್ಟಿವೆ. ದೇಹವೂ ಇದನ್ನು ಸುಮ್ನೆ ಬಿಟ್ಟುಕೊಡುವುದಿಲ್ಲ. ಲಿವರ್ ಸೆಲೆನಿಯಂ ತುಂಬಿದ ಒಂದು ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ, ವೃಷಣ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೊರತೆ ಬಂದಾಗ ಮೊದಲು ಖಾಲಿಯಾಗುವುದು ಬೇರೆ ಅಂಗಗಳು. ಮಿದುಳು ಮತ್ತು ವೃಷಣದ ಪಾಲು ಕೊನೆಯವರೆಗೂ ಉಳಿಯುತ್ತದೆ.

ಸರಿ, ಮಾತ್ರೆಯಿಂದ ಚಲನೆ ಹೆಚ್ಚುತ್ತಾ? 1998ರಲ್ಲಿ ಸ್ಕಾಟ್ಲೆಂಡಿನ ಒಂದು ಅಧ್ಯಯನದಲ್ಲಿ, ಚಲನೆ ಕಡಿಮೆಯಿದ್ದ ಗಂಡಸರಿಗೆ ಮೂರು ತಿಂಗಳು ಸೆಲೆನಿಯಂ ಕೊಟ್ಟಾಗ ಚಲನೆ ಸುಧಾರಿಸಿತು, ಸಂಖ್ಯೆ ಹೆಚ್ಚಲಿಲ್ಲ. ಆದರೆ ಅವರ ದೇಹದಲ್ಲಿ ಸೆಲೆನಿಯಂ ಮೊದಲೇ ಕಡಿಮೆಯಿತ್ತು. ಇನ್ನೊಂದು ಕಡೆ, 2020ರಲ್ಲಿ ಪ್ರಕಟವಾದ ಅಮೆರಿಕದ ಮಾಕ್ಸಿ ಅಧ್ಯಯನ. ಅದರಲ್ಲಿ ನಿಮಗೆ ಹೇಳಿದ್ದಾರಲ್ಲ, ಅದೇ 200 ಮೈಕ್ರೋಗ್ರಾಂ ಸೆಲೆನಿಯಂ ಇತ್ತು. ಜೊತೆಗೆ ವಿಟಮಿನ್ ಸಿ, ಇ, ಸತು, ಇನ್ನೂ ಏನೇನೋ. ಔಷಧವೇ ಇಲ್ಲದ ಹುಸಿ ಮಾತ್ರೆ ತಗೊಂಡವರಿಗಿಂತ ಚಲನೆಯೂ ಹೆಚ್ಚಲಿಲ್ಲ, ಗರ್ಭ ನಿಲ್ಲುವುದೂ ಹೆಚ್ಚಲಿಲ್ಲ. ನನಗೆ ಇದರಿಂದ ಅನ್ನಿಸುವುದು ಇಷ್ಟೇ: ಕಡಿಮೆ ಇದ್ದರೆ ತುಂಬಿಸಿ. ತುಂಬಿದ ಕೊಡಕ್ಕೆ ನೀರು ಸುರಿದರೆ ನೆಲ ಒದ್ದೆ, ಅಷ್ಟೇ ಅಲ್ವಾ? ಕಡಿಮೆ ಇದೆಯಾ ಅಂತ ರಕ್ತ ಪರೀಕ್ಷೆಯಲ್ಲಿ ನೋಡಬಹುದು.

ಈಗ ನಿಮ್ಮ ವಿಷಯ. ಅಮೆರಿಕದ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ 55, ಗರ್ಭಿಣಿಗೆ 60, ಹಾಲೂಡಿಸುವಾಗ 70 ಮೈಕ್ರೋಗ್ರಾಂ ಬೇಕು. ವ್ಯತ್ಯಾಸ ಬರೀ ಐದು, ನೋಡಿ. ಮೀನು, ಮೊಟ್ಟೆ, ಮಾಂಸ, ಧಾನ್ಯಗಳಿಂದ ಇದು ಸಿಗುತ್ತದೆ. ಆದರೆ ಧಾನ್ಯದಲ್ಲಿ ಎಷ್ಟಿದೆ ಅನ್ನುವುದು ಅದು ಬೆಳೆದ ಮಣ್ಣಿನ ಮೇಲೆ ನಿಂತಿದೆ. ಚೀನಾದ ಕೆಶಾನ್‌ನಂಥ ಕಡೆ ಮಣ್ಣಲ್ಲೇ ಸೆಲೆನಿಯಂ ತೀರಾ ಕಡಿಮೆ. ಅಲ್ಲಿ ಮಕ್ಕಳಿಗೂ ಹೆರುವ ವಯಸ್ಸಿನ ಹೆಂಗಸರಿಗೂ ಹೃದಯದ ಸ್ನಾಯು ಹಾಳಾಗುವ ಕಾಯಿಲೆ ಬರುತ್ತಿತ್ತು.

ಗರ್ಭಿಣಿಗೆ ಸೆಲೆನಿಯಂ ಮುಖ್ಯವಾಗುವುದು ಥೈರಾಯ್ಡ್ ಕಾರಣಕ್ಕೆ. ಟಿ4 ಹಾರ್ಮೋನನ್ನು ಕೆಲಸಕ್ಕೆ ಬರುವ ಟಿ3 ಮಾಡುವ ಕಿಣ್ವಗಳಿಗೆ ಸೆಲೆನಿಯಂ ಬೇಕೇ ಬೇಕು. ದೇಹವೇ ತನ್ನ ಥೈರಾಯ್ಡ್ ವಿರುದ್ಧ ತಯಾರಿಸುವ ಆಂಟಿಬಾಡಿ ಇದ್ದ ಗರ್ಭಿಣಿಯರಿಗೆ 200 ಮೈಕ್ರೋಗ್ರಾಂ ಕೊಟ್ಟ ಒಂದು ಅಧ್ಯಯನ 2007ರಲ್ಲಿ ಬಂತು. ಹೆರಿಗೆಯ ನಂತರ ಬರುವ ಥೈರಾಯ್ಡ್ ಉರಿಯೂತ ಅವರಲ್ಲಿ ಕಡಿಮೆಯಿತ್ತು. ನಿಮಗೆ ಸಲಹೆ ಕೊಟ್ಟವರ ತಲೆಯಲ್ಲಿ ಬಹುಶಃ ಇದೇ ಇತ್ತು. ಆದರೂ ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2017ರ ಮಾರ್ಗಸೂಚಿಯಲ್ಲಿ, ಆಂಟಿಬಾಡಿ ಇದ್ದರೂ ಗರ್ಭಿಣಿಯರಿಗೆ ಸೆಲೆನಿಯಂ ಮಾತ್ರೆ ಬೇಡ ಅಂತಲೇ ಹೇಳಿದೆ. ಬಿಪಿ ಏರುವ ಪ್ರಿಎಕ್ಲಾಂಪ್ಸಿಯಾಗೂ ಕಡಿಮೆ ಸೆಲೆನಿಯಂಗೂ ನಂಟು ಕಂಡಿದೆ. ಆದರೆ ಮಾತ್ರೆ ತಗೊಂಡರೆ ಅದು ತಪ್ಪುತ್ತದೆ ಅನ್ನುವಷ್ಟು ಗಟ್ಟಿ ಪುರಾವೆ ಇಲ್ಲ.

200 ಅನ್ನುವ ಅಂಕಿಯೇ ನನಗೆ ಇಷ್ಟವಾಗಲಿಲ್ಲ. ಮೇಲಿನ ಮಿತಿ ಅಮೆರಿಕದಲ್ಲಿ 400, ಯುರೋಪಿನವರು 2023ರಲ್ಲಿ 255ಕ್ಕೆ ಇಳಿಸಿದರು. ಅದು ಊಟದಲ್ಲಿ ಬರುವುದನ್ನೂ ಸೇರಿಸಿ. ಮಾತ್ರೆ 200, ಊಟದಿಂದ 60 ಅಂದರೆ ಅಲ್ಲಿಗೆ ಮಿತಿ ದಾಟಿತು. ಜಾಸ್ತಿಯಾದರೆ ಕೂದಲು ಉದುರುತ್ತದೆ, ಉಗುರು ಪುಡಿಯಾಗುತ್ತದೆ, ಉಸಿರು ಬೆಳ್ಳುಳ್ಳಿ ವಾಸನೆ ಬರುತ್ತದೆ. 2008ರಲ್ಲಿ ಅಮೆರಿಕದಲ್ಲಿ ಒಂದು ಪೂರಕ ಪಾನೀಯದಲ್ಲಿ ತಪ್ಪಿ ಲೇಬಲ್ಲಿನಲ್ಲಿ ಹೇಳಿದ್ದರ ಸುಮಾರು 200 ಪಟ್ಟು ಸೆಲೆನಿಯಂ ಸೇರಿ, 201 ಜನ ಹೀಗೆ ನರಳಿದ್ದರು.

ಗರ್ಭಿಣಿಯರಿಗೆ ಕೊಡುವ ಮಲ್ಟಿವಿಟಮಿನ್ನಿನಲ್ಲೂ ಎಷ್ಟೋ ಸಲ ಸೆಲೆನಿಯಂ ಇರುತ್ತದೆ. ಮನೆಯಲ್ಲಿರುವ ಎಲ್ಲ ಡಬ್ಬಿಗಳ ಲೇಬಲ್ ಓದಿ ಕೂಡಿಸಿ. ಡಾಕ್ಟರ್ ಹತ್ತಿರ ಹೋಗುವಾಗ ಆ ಡಬ್ಬಿಗಳನ್ನೇ ಒಯ್ಯಿರಿ, ಥೈರಾಯ್ಡ್ ಪರೀಕ್ಷೆ ಬೇಕಾ ಅಂತಲೂ ಕೇಳಿ.

ಯಜಮಾನರ ಪರೀಕ್ಷೆಯನ್ನು ಮಾತ್ರ ಇನ್ನೊಮ್ಮೆ ಮಾಡಿಸಿ. ಒಂದೇ ರಿಪೋರ್ಟ್ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ, ಒಬ್ಬರದೇ ಫಲಿತಾಂಶ ವಾರದಿಂದ ವಾರಕ್ಕೆ ಬದಲಾಗುವುದನ್ನು ದಿನಾ ನೋಡುತ್ತೇನೆ. ಏನಾದರೂ ಚಿಕಿತ್ಸೆ ಶುರು ಮಾಡಿದರೆ, ಅದರ ಫಲ ನೋಡಲು ಮೂರು ತಿಂಗಳು ಬಿಡಿ, ಯಾಕಂದರೆ ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಸ್ಯಾಂಪಲ್ ಕೊಡುವ ಮೊದಲು ವೀರ್ಯ ಹೊರಹೋಗದಂತೆ 2ರಿಂದ 7 ದಿನ ಅಂತರ ಇರಲಿ, ಎರಡು ಸಲವೂ ಅಷ್ಟೇ ದಿನ. ಇದನ್ನು ಹೇಳಿದರೂ ಅರ್ಧ ಜನ ಮರೆತೇ ಬರುತ್ತಾರೆ.