ಬರ್ಲಿನ್ ಮೇಳಕ್ಕೆ ದಾವಣಗೆರೆ ಚೀಲ

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದು ಬಟ್ಟೆ ಚೀಲ ಹೊಲಿಯುವ ಸಣ್ಣ ಘಟಕ. ಜರ್ಮನಿಯಲ್ಲಿ ಗಾಂಜಾ ಕಾನೂನುಬದ್ಧ ಆಗಿದೆಯಂತೆ. ಬರ್ಲಿನ್‌ನ ಗಾಂಜಾ ವ್ಯಾಪಾರ ಮೇಳದಲ್ಲಿ ಮಳಿಗೆ ಹಾಕಲೇ?
- ಓದುಗರೊಬ್ಬರು, ಪಿ.ಜೆ. ಬಡಾವಣೆ

ಉತ್ತರ: ಹೋಗಿ, ಆದರೆ ಮೊದಲ ಸಲವೇ ಮಳಿಗೆಗೆ ದುಡ್ಡು ಸುರಿಯಬೇಡಿ. ಸುಮ್ನೆ ಟಿಕೆಟ್ ತಗೊಂಡು ನೋಡಿ ಬನ್ನಿ. ನನ್ನ ಮೊದಲ ವಿದೇಶಿ ಬಟ್ಟೆ ಮೇಳಕ್ಕೆ ಎರಡು ಪೆಟ್ಟಿಗೆ ಮಾದರಿ ಹೊತ್ತೊಯ್ದಿದ್ದೆ. ಒಂದೂವರೆ ಪೆಟ್ಟಿಗೆ ವಾಪಸ್ ಬಂತು. ಅಲ್ಲಿಗೆ ಕೊಳ್ಳುವವರು ಯಾರು ಬರುತ್ತಾರೆ ಅಂತಲೇ ನಾನು ವಿಚಾರಿಸಿರಲಿಲ್ಲ.

ನೀವು ಅದನ್ನೇ ಮೊದಲು ವಿಚಾರಿಸಿ. 2024ರ ಏಪ್ರಿಲ್ 1ರಿಂದ ಅಲ್ಲಿ ವಯಸ್ಕರು ಹೊರಗೆ 25 ಗ್ರಾಂ ಇಟ್ಟುಕೊಳ್ಳಬಹುದು, ಮನೆಯಲ್ಲಿ 3 ಗಿಡ ಬೆಳೆಸಬಹುದು. ಅಂಗಡಿಯಲ್ಲಿ ಮುಕ್ತವಾಗಿ ಮಾರಲು ಆ ಕಾನೂನು ಬಿಟ್ಟಿಲ್ಲ. ಲಾಭದ ಉದ್ದೇಶವಿಲ್ಲದೆ ಗಾಂಜಾ ಬೆಳೆಯುವ ಸಂಘಗಳು ತಮ್ಮ ಸದಸ್ಯರಿಗಷ್ಟೇ ಹಂಚುತ್ತವೆ, ಅದೂ ಸಾದಾ ಪೊಟ್ಟಣದಲ್ಲಿ. ಜಾಹೀರಾತಿಗೂ ತಡೆ ಇದೆ. ಹಾಗಾಗಿ ಎಲೆ ಚಿತ್ರದ ಬಣ್ಣದ ಚೀಲ ನಂಬಿಕೊಳ್ಳಬೇಡಿ. ಕುಂಡ, ದೀಪ, ಗೊಬ್ಬರ ಮಾರುವವರನ್ನು ಹುಡುಕಿ. ಗಿಡ ಬೆಳೆಸುವ ಬಟ್ಟೆ ಕುಂಡ ನಿಮ್ಮ ಹೊಲಿಗೆ ಯಂತ್ರದಲ್ಲೇ ಆಗುತ್ತದೆ, ಅಲ್ವಾ? ಅದರ ನಾಲ್ಕು ಅಳತೆ ಒಯ್ಯಿರಿ.

ಬರುವಾಗ ಯಾರು ಏನೇ ಮಾದರಿ ಕೊಟ್ಟರೂ ಬೇಡ ಅನ್ನಿ. ನಮ್ಮಲ್ಲಿ ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಜಾರಿಯಲ್ಲಿದೆ. ವಿಸಿಟಿಂಗ್ ಕಾರ್ಡ್ ಮಾತ್ರ ಜಾಸ್ತಿ ತನ್ನಿ.